ಡ್ರೈವಿಂಗ್ ಮೇಷ್ಟ್ರ ಪರದೇಶ ಪ್ರಯಾಣ

ಎಲ್ಲಕ್ಕೂ ಕಾರಣ ಆ ಗುಡ್ಡ. ಡ್ರೈವಿಂಗ್ ಶಾಲೆಯ ಮೇಷ್ಟ್ರು ತಮ್ಮ ಮನೆಯ ತಾರಸಿ ಹತ್ತಿದರೆ ದೂರದಲ್ಲಿ ನೀಲಿಯಾಗಿ ಕಾಣುತ್ತಿತ್ತು. ಅದರಾಚೆ ಪಕ್ಕದ ದೇಶ. ಚಿಕ್ಕಂದಿನಿಂದ ಮೇಷ್ಟ್ರಿಗೆ ಒಂದೇ ಯೋಚನೆ, ಅಲ್ಲಿ ಏನಿರಬಹುದು? ರಸ್ತೆ ಹೇಗಿರಬಹುದು, ಮನೆಗಳಿಗೆ ಯಾವ ಬಣ್ಣ ಬಳಿಯಬಹುದು, ಅಲ್ಲಿನ ನಾಯಿಗಳೂ ನಮ್ಮ ನಾಯಿಗಳ ಹಾಗೆಯೇ ಬೊಗಳುತ್ತವೆಯೇ? ಊರಿನ ಅರ್ಧ ಜನಕ್ಕೆ ಸ್ಟೀರಿಂಗ್ ಹಿಡಿಯಲು ಕಲಿಸಿ ಊರೂರು ಸುತ್ತಲು ಕಳಿಸಿದ ಪುಣ್ಯಾತ್ಮರು ತಾವು ಮಾತ್ರ ಮಾರುಕಟ್ಟೆಯ ವೃತ್ತಕ್ಕೆ ಗಾಣದ ಎತ್ತಿನ ಹಾಗೆ ಸುತ್ತು ಹೊಡೆದೇ ಕೂದಲು ನರೆಸಿಕೊಂಡಿದ್ದರು.

ಕಚೇರಿಯಿಂದ ಕಚೇರಿಗೆ ಚಪ್ಪಲಿ ಸವೆಸಿದ ಮೇಲೆ ಕೊನೆಗೂ ಪರವಾನಗಿ ಸಿಕ್ಕಿತು. ಅದೂ ಒಂದೇ ದಿನದ ಮಟ್ಟಿಗೆ. ಜೊತೆಗೆ ಇಬ್ಬರು ಬಾಲ್ಯದ ಗೆಳೆಯರು: ಒಬ್ಬ ಟೈಲರು, ಇನ್ನೊಬ್ಬ ಔಷಧಿ ಅಂಗಡಿ ಇಟ್ಟು 'ಗುಳಿಗೆ' ಎಂದೇ ಹೆಸರಾದವನು. ವಾಹನ ಬೇರೆಲ್ಲಿಂದ ಬರಬೇಕು? ಶಾಲೆಯ ಕಾರೇ ಗತಿ. ಅದರ ನೆತ್ತಿಗೆ 'ಕಲಿಯುವವರಿದ್ದಾರೆ, ದೂರವಿರಿ' ಎಂಬ ಹಳದಿ ಫಲಕವನ್ನು ವೆಲ್ಡಿಂಗ್ ಮಾಡಿಸಿದ್ದರು. ಪಕ್ಕದ ಸೀಟಿನ ಕಾಲಬುಡದಲ್ಲಿ, ಕಲಿಸುವವರಿಗೆಂದೇ ಇನ್ನೊಂದು ಬ್ರೇಕು ಇತ್ತು.

ಹೊರಡುವಾಗ ಬೀದಿಗೆ ಬೀದಿಯೇ ಬಂದು ನಿಂತಿತು. ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ಅಲ್ಲಿನ ಜನ ನಮಗಿಂತ ಎತ್ತರವೋ ಕುಳ್ಳೋ ಎಂಬುದನ್ನು ಸರಿಯಾಗಿ ಗಮನಿಸಬೇಕೆಂದರು. ಅತ್ತೆಯವರು ಖಾಲಿ ಬಾಟಲಿ ಕೊಟ್ಟು, ಅಲ್ಲಿನ ನೀರು ತುಂಬಿಸಿಕೊಂಡು ಬನ್ನಿ, ರುಚಿ ನೋಡಬೇಕು ಎಂದರು. ಹೆಂಡತಿಯ ಬೇಡಿಕೆ ಒಂದೇ.

"ರೀ, ಮದುವೆ ಆದಾಗಿಂದ ಆ ಗುಡ್ಡದ ವಿಷ್ಯ ಹೇಳಿ ನನ್ನ ತಲೆ ತಿಂದಿದ್ದೀರಿ. ಕಣ್ತುಂಬ ನೋಡ್ಕೊಂಡು ಬನ್ನಿ. ಬಂದ್ಮೇಲೆ ಮತ್ತೆ ಆ ಸುದ್ದಿ ಎತ್ತಕೂಡದು."

ಮೇಷ್ಟ್ರು ಆಗಲಿ ಎಂದು ಮಾತು ಕೊಟ್ಟರು.

ದಾರಿಯಲ್ಲಿ ಎಡವಟ್ಟಾದದ್ದು ಟೈಲರನಿಂದ. ಹೊಲಿಗೆ ಯಂತ್ರ ತುಳಿದು ತುಳಿದು ಅವನ ಕಾಲು ಸುಮ್ಮನಿರುವುದನ್ನೇ ಮರೆತಿತ್ತು. ಈಗ ಪಕ್ಕದ ಸೀಟಿನಲ್ಲಿ ಕೂತವನ ಪಾದಕ್ಕೆ ಆ ಎರಡನೆಯ ಬ್ರೇಕು ಸಿಕ್ಕಿತು. ಮಾತು ರಂಗೇರಿದಾಗೆಲ್ಲ ತುಳಿಯುತ್ತಿದ್ದ, ಕಾರು ಮುಗ್ಗರಿಸಿ ನಿಲ್ಲುತ್ತಿತ್ತು, ಹಿಂದೆ ಕೂತ ಗುಳಿಗೆಯ ಹಣೆ ಮುಂದಿನ ಸೀಟಿಗೆ ಬಡಿಯುತ್ತಿತ್ತು. ಒಂದು ಸಲ ಹಾಗೆ ನಿಂತಾಗ ಹಿಂದಿನ ಲಾರಿಯವನು ಬೈಯಲೆಂದೇ ಇಳಿದು ಬಂದ. ಫಲಕ ಓದಿದ, ಸ್ಟೀರಿಂಗ್ ಹಿಡಿದ ನರೆತಲೆ ನೋಡಿದ, ಕರಗಿಹೋದ. "ಯಜಮಾನ್ರೇ, ಈ ವಯಸ್ಸಲ್ಲಿ ಇದೆಲ್ಲ ಯಾಕೆ ಬೇಕಿತ್ತು ನಿಮಗೆ?" ಎಂದು ಕೇಳಿ ಹೋದ. ಮೇಷ್ಟ್ರಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಂತೂ ಗಡಿ ಬಂತು. ವಿಶಾಲವಾದ ಅಂಗಳ, ಪಕ್ಕಕ್ಕೆ ಕಚೇರಿ, ಕೊನೆಗೆ ಕಬ್ಬಿಣದ ಕಂಬಿಗಳ ದೊಡ್ಡ ಗೇಟು. ಗೇಟಿನಾಚೆ ರಸ್ತೆ ಸ್ವಲ್ಪ ದೂರ ಹೋಗಿ ಮರಗಳ ಹಿಂದೆ ತಿರುಗಿ ಮಾಯವಾಗುತ್ತಿತ್ತು. ಆ ತಿರುವಿನಾಚೆ ಏನಿದೆಯೋ! ಮೇಷ್ಟ್ರು ಕಾರಿನ ಕಿಟಕಿಯಿಂದ ಕತ್ತು ಹೊರಗೆ ಹಾಕಿ ನೋಡಿದರು.

ಗಡಿ ಅಧಿಕಾರಿ ಗೆಳೆಯರಿಬ್ಬರ ಪಾಸ್‌ಪೋರ್ಟಿಗೆ ಮುದ್ರೆ ಒತ್ತಿ, ಕಲಿಯುವವರ ಗಾಡಿ ದೇಶ ದಾಟುವಂತಿಲ್ಲ, ಅಂಗಳದಲ್ಲಿ ಬಿಟ್ಟು ಬನ್ನಿ, ಆಮೇಲೆ ನಿಮ್ಮದಕ್ಕೂ ಒತ್ತುತ್ತೇನೆ, ನಡೆದುಕೊಂಡು ಹೋಗಿ ಎಂದು ಮೇಷ್ಟ್ರಿಗೆ ಹೇಳಿದರು. ಬೇಗ ಬಾ, ಆಚೆ ಕಾಯುತ್ತಿರುತ್ತೇವೆ ಎಂದು ಗೆಳೆಯರು ಗೇಟು ದಾಟಿದರು. ಮೇಷ್ಟ್ರು ಎರಡು ಲಾರಿಗಳ ನಡುವಿನ ಸಂದಿಯಲ್ಲಿ ಒಂದೇ ರಿವರ್ಸಿಗೆ, ಒರೆಗೆ ಕತ್ತಿ ಸೇರಿಸಿದ ಹಾಗೆ ಕಾರನ್ನು ಸೇರಿಸಿದರು. ಮಾಡಬಾರದಿತ್ತು. ಅಧಿಕಾರಿ ಅದನ್ನು ನೋಡಿಬಿಟ್ಟರು.

ಮೇಷ್ಟ್ರ ಪಾಸ್‌ಪೋರ್ಟನ್ನು ತಮ್ಮ ಜೇಬಿಗೆ ಹಾಕಿಕೊಂಡೇ ಹೊರಗೆ ಬಂದ ಅಧಿಕಾರಿ ದನಿ ತಗ್ಗಿಸಿದರು. ಅವರು ಡ್ರೈವಿಂಗ್ ಪರೀಕ್ಷೆಯಲ್ಲಿ ಮೂರು ಸಲ ನಪಾಸಾಗಿದ್ದರು. ನಾಳೆ ನಾಲ್ಕನೆಯದು. ಕೈಕೆಳಗಿನ ಪೇದೆಗಳೆಲ್ಲ ಜೀಪು ಓಡಿಸುವಾಗ ತಾವು ಸೈಕಲ್ಲಿನಲ್ಲಿ ಬರುವುದು ಮಾನ ಹೋಗುವ ಸಂಗತಿಯಾಗಿತ್ತು.

"ಒಂದರ್ಧ ಗಂಟೆ ರಿವರ್ಸ್ ಹೇಳ್ಕೊಡಿ ಮೇಷ್ಟ್ರೇ. ಆಮೇಲೆ ನಾನೇ ಮುದ್ರೆ ಒತ್ತಿ ಕಳಿಸ್ತೀನಿ."

ಜುಟ್ಟು ಅವರ ಕೈಯಲ್ಲಿರುವಾಗ ಆಗದು ಅನ್ನುವುದು ಹೇಗೆ? ಎರಡು ಡ್ರಮ್ಮು ನಿಲ್ಲಿಸಿ ಪಾಠ ಶುರುವಾಯಿತು. ಸಮವಸ್ತ್ರದಲ್ಲಿ ಹುಲಿಯಂತಿದ್ದ ಅಧಿಕಾರಿ ಸ್ಟೀರಿಂಗ್ ಮುಂದೆ ಬೆಕ್ಕಾದರು. ಮೊದಲು ಹೂಕುಂಡ ಹೋಯಿತು, ಆಮೇಲೆ ಅವರದೇ ಸೈಕಲ್ಲು. ಪೇದೆಗಳು ಜಗಲಿ ಹತ್ತಿ ನಿಂತರು. ಸ್ವಲ್ಪ ಹೊತ್ತಿಗೆ ಮೇಷ್ಟ್ರಿಗೆ ತಾವೆಲ್ಲಿದ್ದೇವೆ ಎಂಬುದೇ ಮರೆತುಹೋಯಿತು. ಕನ್ನಡಿ ಇರುವುದು ಮೀಸೆ ತೀಡಿಕೊಳ್ಳುವುದಕ್ಕಲ್ಲ ಎಂದು ಅಧಿಕಾರಿಯನ್ನೇ ಗದರಿದರು.

ಗೇಟಿನ ಕಡೆಯಿಂದ ಆಗಾಗ ನಗು, ಚಪ್ಪಾಳೆ ಕೇಳಿಬರುತ್ತಿತ್ತು. ಕತ್ತು ತಿರುಗಿಸಲು ಪುರುಸೊತ್ತಿಲ್ಲ. ಅಲ್ಲಿ ಏನೋ ಭಾರಿ ಆಟ ನಡೆಯುತ್ತಿರಬೇಕು, ಗೆಳೆಯರು ಮಜಾ ಮಾಡುತ್ತಿದ್ದಾರೆ ಎಂದು ಮೇಷ್ಟ್ರು ಹೊಟ್ಟೆಕಿಚ್ಚು ಪಟ್ಟರು.

ಅಧಿಕಾರಿ ಮಾತಿಗೆ ತಪ್ಪಿದವರಲ್ಲ. ಮಧ್ಯಾಹ್ನ ತಾವಾಗಿಯೇ ಮುದ್ರೆ ಒತ್ತಿ ಪಾಸ್‌ಪೋರ್ಟ್ ಕೊಟ್ಟು, ಹೋಗಿ ಬನ್ನಿ, ಅಷ್ಟರಲ್ಲಿ ನಾನೊಬ್ಬನೇ ಅಭ್ಯಾಸ ಮಾಡುತ್ತೇನೆ ಎಂದರು. ಮೇಷ್ಟ್ರು ಗೇಟಿನತ್ತ ಓಡುವುದೊಂದು ಬಾಕಿ. ಅಷ್ಟರಲ್ಲಿ ಬೆನ್ನ ಹಿಂದೆ ಕಾರು ನರಳಿತು. ಹ್ಯಾಂಡ್‌ಬ್ರೇಕ್ ಇಳಿಸದೆಯೇ ಎಳೆಯುತ್ತಿದ್ದಾರೆ! ತಪ್ಪನ್ನು ಹಾಗೇ ಬಿಟ್ಟು ಹೋಗಲು ಮೇಷ್ಟ್ರ ಜೀವ ಒಪ್ಪಲಿಲ್ಲ. ಹಾಳಾದ್ದು, ಇದೊಂದು ಹೇಳಿ ಹೋಗೋಣ ಎಂದು ತಿರುಗಿದರು. ಇದೊಂದು ಆದಮೇಲೆ ಕ್ಲಚ್ಚು, ಕ್ಲಚ್ಚಿನ ನಂತರ ತಿರುವು. ಕೊನೆಗೆ ಅಧಿಕಾರಿ ಡ್ರಮ್ಮು ತಾಕದಂತೆ ಕಾರನ್ನು ಒಳಗೆ ಸೇರಿಸಿದಾಗ ಗೇಟಿನಾಚೆ ಮುಗಿಲು ಮುಟ್ಟುವ ಚಪ್ಪಾಳೆ ಕೇಳಿಸಿತು. ಹಿಂದೆಯೇ ಪೇದೆಗಳು ಸೀಟಿ ಊದಿದರು. ಸಂಜೆಯಾಗಿತ್ತು, ಗಡಿ ಮುಚ್ಚಿತು.

ಗೆಳೆಯರಿಬ್ಬರೂ ಕೊನೆಯವರಾಗಿ ಗೇಟು ದಾಟಿ ಬಂದರು. ಮೇಷ್ಟ್ರ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ನೋಡುವ ಯೋಗ ಇಲ್ಲದಿದ್ದರೆ ಹೋಗಲಿ, ಕೇಳಿಯಾದರೂ ತಿಳಿಯೋಣ ಎಂದು ಇಬ್ಬರ ತೋಳನ್ನೂ ಹಿಡಿದುಕೊಂಡರು.

"ಹೇಳ್ರೋ, ಆ ತಿರುವಿನಾಚೆ ಏನಿದೆ?"

ಟೈಲರು ಗುಳಿಗೆಯ ಮುಖ ನೋಡಿದ, ಗುಳಿಗೆ ಟೈಲರನ ಮುಖ ನೋಡಿದ.

"ತಿರುವಿನ ತನಕ ಹೋದೋರ್ ಯಾರು?" ಎಂದ ಗುಳಿಗೆ. "ನಿನಗೆ ಕಾಯ್ತಾ ಗೇಟಿನ ಹತ್ರಾನೇ ನಿಂತಿದ್ವಿ. ಆ ಊರಿನ ಜನ ಅಂಗಡಿ ಬಾಗಿಲು ಹಾಕ್ಕೊಂಡು ಬಂದು ಕಂಬಿ ಹಿಡ್ಕೊಂಡು ನಿಂತ್ರು. ನಾವು ನಿನ್ನ ಸ್ನೇಹಿತ್ರು ಅಂದಿದ್ದೇ ತಡ, ಬೆಂಚು ತಂದು ಮುಂದೆ ಕೂರಿಸಿದ್ರು. ಬೆಳಗಿಂದ ನಾವು ನೋಡಿದ್ದು ನಿನ್ನನ್ನೇ ಕಣೋ."

ಮೇಷ್ಟ್ರ ಕೈ ಸಡಿಲವಾಯಿತು.

"ಬೇಜಾರ್ ಮಾಡ್ಕೋಬೇಡ," ಎಂದು ಟೈಲರು ಸಮಾಧಾನ ಹೇಳಿದ. "ಈಚೆ ದೇಶ ಹೇಗಿರುತ್ತೋ ಅಂತ ಅವರಿಗೂ ಚಿಕ್ಕಂದಿನಿಂದ ಭಾರಿ ಕುತೂಹಲವಂತೆ. ಇವತ್ತು ಪೂರ್ತಿ ಗೊತ್ತಾಯ್ತಂತೆ."