ಕೂತು ಮೀಯುವ ಟಬ್ಬು

ನನ್ನ ಮಗಳು ಸತ್ತದ್ದು ಸಕ್ಕರೆ ಕಾಯಿಲೆಗೆ ಕಿಡ್ನಿ ಹೋಗಿ. ಟಬ್ಬು ಬರಲಿಲ್ಲವೆಂದು ಅಲ್ಲ. ವಿದ್ಯಾನಗರದ ಅವರ ಓಣಿಯಲ್ಲಿ ಯಾರು ಏನೇ ಹೇಳಲಿ, ಅವಳ ಗಂಡನೇ ಎದೆ ಬಡಿದುಕೊಂಡು "ನಾನೇ ಕೊಂದೆ" ಎನ್ನಲಿ, ನಂಬಬೇಡಿ. ಕೊಲ್ಲುವಷ್ಟು ಚುರುಕು ಅವನಿಗೆ ಎಲ್ಲಿಂದ ಬರಬೇಕು? ಒಬ್ಬರನ್ನು ಮುಗಿಸಬೇಕೆಂದರೆ ಅವನು ಮೊದಲು ಹನ್ನೆರಡು ಅಂಗಡಿ ತಿರುಗಿ ಚಾಕು ನೋಡುತ್ತಾನೆ, ಹಿಡಿ ಯಾವ ಮರದ್ದೆಂದು ಕೇಳುತ್ತಾನೆ, "ಯೋಚನೆ ಮಾಡಿ ಬರ್ತೀನಿ" ಎಂದು ಮನೆಗೆ ಹೋಗುತ್ತಾನೆ. ಅಷ್ಟರಲ್ಲಿ ಸಾಯಬೇಕಾದವನು ಮೊಮ್ಮಕ್ಕಳ ಮದುವೆ ಮುಗಿಸಿ ತಾನಾಗಿಯೇ ಸತ್ತಿರುತ್ತಾನೆ!

ಅವನು ನನಗೆ ಅಳಿಯ. ಅದಕ್ಕಿಂತ ಮೊದಲು ತಮ್ಮ. ನನಗಿಂತ ಹದಿನೈದು ವರ್ಷಕ್ಕೆ ಚಿಕ್ಕವನು, ನಾನೇ ಸೊಂಟದ ಮೇಲೆ ಹೊತ್ತು ಬೆಳೆಸಿದವನು. ನನ್ನ ಹಿರಿಮಗಳನ್ನು ಅವನಿಗೇ ಕೊಟ್ಟೆವು. ಹೀಗಾಗಿ ಅಳಿಯನೆಂದು ಬೈಯಲಾಗದ್ದನ್ನು ತಮ್ಮನೆಂದು ಬೈಯುತ್ತೇನೆ.

ದಾವಣಗೆರೆಯ ಹತ್ತಿ ಗಿರಣಿಯಲ್ಲಿ ನೂಲು ಜಗ್ಗಿ ನೋಡಿ ಪಾಸು ಮಾಡುವ ಕೆಲಸ ಅವನದಾಗಿತ್ತು. ಗಿರಣಿ ಮುಚ್ಚಿತು, ಜಗ್ಗಿ ನೋಡುವ ಚಟ ಮುಚ್ಚಲಿಲ್ಲ. ಒಂದು ಮಿಕ್ಸಿ ಆರಿಸಲು ಎಂಟು ತಿಂಗಳು! ಅಷ್ಟು ದಿನವೂ ನನ್ನ ಮಗಳು ಒರಳಿನ ಮುಂದೆ ಕೂತು ರುಬ್ಬಿದಳು. ಮಂಡಿ ಹೋದದ್ದು ಅಲ್ಲಿಯೇ ಎಂದು ನನ್ನ ಗುಮಾನಿ.

ಮಂಡಿ ಬಾತು ನಡೆಯಲಾರದಂತಾದಾಗ ಡಾಕ್ಟರು ಹೇಳಿದ್ದು ಇಷ್ಟೇ: "ದಿನಾ ಅರ್ಧ ತಾಸು ಸೊಂಟದ ಮಟ ಬಿಸಿನೀರಾಗೆ ಕೂಡಿಸ್ರಿ. ನೋವು ಕಡಿಮೆ ಆಗ್ತೈತೆ."

ಇವನು ಕೂಡಿಸಿದನೇ? ಬೆಂಗಳೂರಿನ ಯಾವುದೋ ಹೋಟೆಲಿನಲ್ಲಿ ತಳದಿಂದ ಗುಳ್ಳೆ ಏಳುವ ಬಿಸಿನೀರಿನ ಟಬ್ಬು ಇದೆಯೆಂದು ಕೇಳಿದ್ದನಂತೆ. ಬೊಂಬಾಯಿಗೆ, ದಿಲ್ಲಿಗೆ, ಕೊಯಮತ್ತೂರಿಗೆ ಪತ್ರ ಬರೆದ. ಬಣ್ಣದ ಪುಸ್ತಕಗಳು ಬಂದವು. ಕಂಪನಿಯ ಇಂಗ್ಲಿಷ್ ಹೆಸರುಗಳು ನನ್ನ ನಾಲಿಗೆಗೆ ಹೊರಳಲಿಲ್ಲ, ಊರಿನ ಮೇಲೆ ಕರೆದೆ. ಬೊಂಬಾಯಿಯದಕ್ಕೆ ಗುಳ್ಳೆಯ ತೂತು ಎಂಟು. ದಿಲ್ಲಿಯದಕ್ಕೆ ಹನ್ನೆರಡು, ಆದರೆ ಬೆನ್ನಿಗೆ ಒತ್ತುತ್ತದೆ. ಕೊಯಮತ್ತೂರಿನದು ದಪ್ಪ, ಬಿಸಿ ಹಿಡಿಯುತ್ತದೆ, ಆದರೆ ಗೋಡೆಯ ಮೂಲೆಗೇ ಇಡಬೇಕು. ಕನ್ಯೆ ನೋಡಲು ಹೋದವರೂ ಇಷ್ಟು ಕೊಂಕು ತೆಗೆಯುವುದಿಲ್ಲ. ಎಲ್ಲ ಪುಸ್ತಕದಲ್ಲೂ ಒಬ್ಬಳು ಬಿಳಿ ಹೆಂಗಸು ಟಬ್ಬಿನಲ್ಲಿ ನಗುತ್ತ ಕೂತಿದ್ದಳು. ಅವಳ ಮಂಡಿಗೆ ಏನೂ ಆಗಿರಲಿಲ್ಲ!

ಹರಿಹರದಿಂದ ಬಸ್ಸು ಹತ್ತಿ ಮಗಳನ್ನು ನೋಡಲು ಬಂದಾಗಲೆಲ್ಲ ನನ್ನದು ಒಂದೇ ಮಾತು.

"ಲೋ, ಕುಕ್ಕುವಾಡದಾಗೆ ನಮ್ಮೋರ ಆಲೆಮನೆ ನಿಂತು ಎಷ್ಟೋ ದಿನ ಆತು. ಸಣ್ಣ ಕೊಪ್ಪರಿಗೆ ಬೋರಲು ಬಿದ್ದೈತೆ. ತಂದು ಹಿತ್ತಲಾಗೆ ಇಡು, ಹಂಡೆಯಿಂದ ನೀರು ಹುಯ್ಯಿ, ಮುಗೀತು."

"ಅಕ್ಕಾ, ಅದ್ರಾಗೆ ಬೆಲ್ಲ ಕಾಯಿಸ್ತಾರೆ. ಹೆಂಡ್ತಿನ ಅಲ್ಲ."

"ಗುಳ್ಳೆ ಬೇಕಂದ್ರೆ ನೀನೇ ಕೊಳವೆ ಹಿಡ್ಕಂಡು ಊದು!"

ಮಗಳು ಮಂಡಿ ಹಿಡಿದುಕೊಂಡೇ ನಗುತ್ತಿದ್ದಳು. ಅವಳು ನಗುತ್ತಾಳೆಂದು ನಾನು ಪ್ರತಿ ಸಲವೂ ಅದನ್ನೇ ಹೇಳುತ್ತಿದ್ದೆ.

ಪೇಟೆಯಲ್ಲಿ ನಲ್ಲಿ, ಪೈಪು ಮಾರುವ ಒಬ್ಬ ಸಾಹೇಬರ ಅಂಗಡಿಯಲ್ಲಿ ಉದ್ದನೆಯ ಟಬ್ಬೊಂದನ್ನು ನೋಟಕ್ಕೆ ಇಟ್ಟಿದ್ದರು. ಇವನು ಹೋದವನೇ ಚಪ್ಪಲಿ ಬಿಟ್ಟು ಅದರೊಳಗೆ ಮಲಗಿ ಕಣ್ಣು ಮುಚ್ಚಿದ. ಹೊರಗೆ ಜನ ನಿಂತರು.

"ಏಳ್ರಿ ಯಜಮಾನ್ರೇ, ಗಿರಾಕಿ ಹೆದರ್ತಾರೆ!"

"ಇರ್ರಿ ಸಾಹೇಬ್ರೇ, ಕುತ್ತಿಗೆಗೆ ಹೆಂಗೆ ಐತೆ ನೋಡ್ತೀನಿ."

ಮುಂದಿನ ವಾರ ಮಗಳನ್ನೂ ಆಟೋದಲ್ಲಿ ಕರೆತಂದ. ನಾನು, ಅವನು, ಸಾಹೇಬರು ಮೂವರೂ ಹಿಡಿದು ಒಳಗೆ ಇಳಿಸಿದೆವು. ಅವಳು ಸ್ವಲ್ಪ ಹೊತ್ತು ಅಂಗಡಿಯ ಸೂರು ನೋಡಿದಳು.

"ಮಾಮಾ, ಎಬ್ಬಿಸು. ನಮ್ಮೋರು ಸತ್ತೋರನ್ನೂ ಮಲಗ್ಸಲ್ಲ, ಕೂಡಿಸಿ ಮಣ್ಣು ಮಾಡ್ತಾರೆ. ನಾ ಬದುಕಿರೋವಾಗ್ಲೇ ಇದ್ರಾಗೆ ಮಲಗ್ಲೇನು?"

ಸಾಹೇಬರು ನಗಲು ಹೊರಟು ಬಾಯಿ ಮುಚ್ಚಿಕೊಂಡರು. ಇವನು ಮಾತ್ರ ಜೇಬಿನಿಂದ ನೋಟುಬುಕ್ಕು ತೆಗೆದು, "ಮಲಗುವಂಥವು ಎಲ್ಲ ರದ್ದು" ಎಂದು ಬರೆದುಕೊಂಡ. ಇನ್ನು ಕೂತು ಮೀಯುವ ಟಬ್ಬೇ ಆಗಬೇಕು. ಮತ್ತೆ ಪತ್ರ, ಮತ್ತೆ ಪುಸ್ತಕ! ದುಂಡನೆಯದೋ, ಚೌಕದ್ದೋ? ಕೈ ಊರಲು ಹಿಡಿ ಇದೆಯೋ, ಹತ್ತಲು ಮೆಟ್ಟಿಲು ಎಷ್ಟು ಎತ್ತರ? ಬಚ್ಚಲಿನ ಬಾಗಿಲು ಸಣ್ಣದೆಂದು ಗೋಡೆ ಒಡೆಸಿದ. ಆರು ತಿಂಗಳು ನನ್ನ ಮಗಳು ಗೋಣಿತಾಟಿನ ಮರೆಯಲ್ಲಿ ಮಿಂದಳು. ವಾರಕ್ಕೆ ಎರಡು ಸಲ ಬರುವ ನಲ್ಲಿ ನೀರಿಗೆ ಟಬ್ಬು ತುಂಬುತ್ತದೆಯೇ ಎಂದು ಕೊಡ ಕೊಡ ಅಳೆದ. ಕರೆಂಟು ಹೋದರೆ ಗುಳ್ಳೆ ಏಳುತ್ತದೆಯೇ ಎಂದು ಇನ್ನೊಂದು ಪತ್ರ ಹಾಕಿದ.

"ಎರಡು ಸಾವಿರನೇ ಇಸವಿಗಾದ್ರೂ ಬರ್ತೈತೇನೋ?" ಎಂದೆ.

"ಅವಸರ ಮಾಡಿದ್ರೆ ಮೋಸ ಹೋಗ್ತೀವಿ ಅಕ್ಕಾ. ದಿನಾ ಅವಳು ಕೂಡೋದು ಅದು. ಒಂಚೂರೂ ಒತ್ತಬಾರ್ದು."

ಹೀಗೆ ಮೂರು ವರ್ಷ. ಬಾವು ಕಾಲಿನಿಂದ ಮುಖಕ್ಕೆ ಏರಿತು. ಆಸ್ಪತ್ರೆಗೆ ಸೇರಿಸಿದೆವು. ಅಷ್ಟು ಹೊತ್ತಿಗೆ ಅವನ ಲೆಕ್ಕಾಚಾರವೆಲ್ಲ ಮುಗಿದು ಬಣ್ಣ ಒಂದು ಉಳಿದಿತ್ತು. ಪುಸ್ತಕ ಬಿಚ್ಚಿ ಅವಳ ಮುಖದ ಹತ್ತಿರ ಹಿಡಿದ.

"ಬಿಳಿದು ತರ್ಸಲೋ, ತಿಳಿನೀಲಿದು ತರ್ಸಲೋ?"

"ಬಿಸಿ ಇದ್ರೆ ಸಾಕು ಮಾಮಾ," ಎಂದಳು.

ಮೂರನೆಯ ದಿನ ಹೋದಳು.

ಮನೆಗೆ ತಂದು ಕುರ್ಚಿಯಲ್ಲಿ ಕೂಡಿಸಿ ಸ್ನಾನಕ್ಕೆ ಅಣಿ ಮಾಡಿದೆವು. ಮೂಲೆಯಲ್ಲಿ ಕಲ್ಲಿನಂತೆ ಕೂತಿದ್ದವನು ಎದ್ದು ಬಂದು ಬಕೆಟ್ಟಿನಲ್ಲಿ ಮೊಣಕೈ ಇಟ್ಟು ನೋಡಿದ. ಎಳೆಗೂಸಿನ ನೀರನ್ನು ನೋಡುತ್ತೇವಲ್ಲ, ಹಾಗೆ.

"ಅಕ್ಕಾ, ಒಂಚೂರು ತಣ್ಣೀರು ಬೆರ್ಸು. ಸುಡ್ತೈತೆ."

ಬೆರೆಸಿದೆ. ಅವನು ಮತ್ತೆ ನೋಡಿ, "ಈಗ ಸರಿ ಐತೆ" ಎಂದು ಮೊದಲ ಚೊಂಬನ್ನು ಅವಳ ಮಂಡಿಗೆ ಹುಯ್ದ.

ಆಗ ನನಗೆ ಕುಕ್ಕುವಾಡ ನೆನಪಾಯಿತು. ಎಷ್ಟು ದೂರ ಅದು? ಒಂದು ಬಸ್ಸು. ಮೂರು ವರ್ಷ ನಾನು ಬರೀ ಬಾಯಿಯಲ್ಲಿ ಕೊಪ್ಪರಿಗೆ ತಂದೆ. ಅವನನ್ನು ಆಡಿಕೊಳ್ಳಲು ಅದು ಅಲ್ಲಿಯೇ ಬೋರಲು ಬಿದ್ದಿದ್ದರೆ ನನಗೂ ಅನುಕೂಲವಿತ್ತು.

ಮಣ್ಣು ಮಾಡಿದ ಮರುದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಕುಕ್ಕುವಾಡಕ್ಕೆ ಹೋದೆ. ಕೊಪ್ಪರಿಗೆಯನ್ನು ಟ್ರ್ಯಾಕ್ಟರಿಗೆ ಹಾಕಿಸಿ, ಪಕ್ಕದಲ್ಲಿ ನಾನೂ ಕೂತು ವಿದ್ಯಾನಗರಕ್ಕೆ ತಂದೆ. ಹುಣಸೆಹಣ್ಣು, ಬೂದಿ ಹಾಕಿ ತಿಕ್ಕಿದೆ. ಹಂಡೆಗೆ ಉರಿ ಹಾಕಿ ನೀರು ಕಾಯಿಸಿ, ಕೊಪ್ಪರಿಗೆಗೆ ತುಂಬಿಸಿ, ಅವನನ್ನು ರಟ್ಟೆ ಹಿಡಿದು ಕರೆತಂದೆ.

"ಕೂಡು."

ಕೂತ. ಸ್ವಲ್ಪ ಹೊತ್ತಿಗೆ ಅವನ ಬೆರಳು ಕೊಪ್ಪರಿಗೆಯ ಅಂಚಿನ ಮೇಲೆ ಗೇಣು ಹಾಕತೊಡಗಿತು. ಆ ಕೈ ಹಿಡಿದು ನೀರೊಳಗೆ ಅದ್ದಿ, ತಲೆಯ ಮೇಲೆ ಚೊಂಬು ಸುರಿದೆ.