ಅವರೆಕಾಯಿ ಸುಲಿದು ಸೇರಿದ ಶಾಲೆ

ಮಾತಾಡದ ಮಗುವನ್ನು ಕಂಡರೆ ನಮ್ಮ ಜನರಿಗೆ ಸುಮ್ಮನಿರಲು ಆಗುವುದಿಲ್ಲ. ಮಾತಾಡುವ ಮಗುವಿಗೆ ‘ಬಾಯಿ ಮುಚ್ಚು’ ಎಂದು ಗದರುವವರೇ, ಸುಮ್ಮನಿರುವ ಮಗುವಿನ ಗಲ್ಲ ಹಿಡಿದು ‘ನಿನ್ ಹೆಸರೇನು ಪುಟ್ಟಾ?’ ಎಂದು ಜೀವ ತಿನ್ನುತ್ತಾರೆ. ನನ್ನ ಮಗಳು ಗೌರಿ ಮನೆಯಲ್ಲಿ ವಟವಟ ಎನ್ನುತ್ತಿದ್ದಳು. ಹೊಸಿಲು ದಾಟಿದಳೋ, ತುಟಿಗೆ ಹೊಲಿಗೆ. ಯಲಹಂಕದ ದೊಡ್ಡ ಶಾಲೆಯೊಂದರ ಸಂದರ್ಶನದಲ್ಲಿ ಮೇಡಂ ಒಬ್ಬರು ಸೇಬಿನ ಚಿತ್ರ ತೋರಿಸಿ ‘ವಾಟ್ ಈಸ್ ದಿಸ್?’ ಎಂದರು. ಗೌರಿ ಸೇಬನ್ನೂ ನೋಡಿದಳು, ಮೇಡಂ ಮುಖವನ್ನೂ ನೋಡಿದಳು. ತಡೆಯಲಾರದೆ ನಾನೇ ‘ಆ್ಯಪಲ್’ ಎಂದುಬಿಟ್ಟೆ. ಸೀಟು ಅವಳಿಗೂ ಸಿಗಲಿಲ್ಲ, ನನಗೂ ಸಿಗಲಿಲ್ಲ.

ಮಗುವಿಗೆ ಏನಾದರೂ ತೊಂದರೆ ಇದೆಯೇ ಎಂಬ ಭಯ ನನಗೂ ಇತ್ತು, ಹೆಂಡತಿ ಸುಮಾಗೂ ಇತ್ತು. ಒಬ್ಬರಿಗೊಬ್ಬರು ಹೇಳಿಕೊಳ್ಳಲಿಲ್ಲ, ಅಷ್ಟೆ. ಅಲ್ಲಾಳಸಂದ್ರದಲ್ಲಿ ಚರ್ಚಿನ ಹಿಂದೆ ಒಂದು ಪುಟ್ಟ ಶಾಲೆ ಇದೆ ಎಂದು ಅವಳ ಆಫೀಸಿನವರು ಯಾರೋ ಹೇಳಿದರು. ಹೋಗಿ ನೋಡೋಣ ಎಂದು ಹೊರಟರೆ, ಗದಗಿನಿಂದ ಬಂದು ನಮ್ಮ ಜೊತೆಗಿರುವ ನನ್ನ ಅವ್ವ ಹುಬ್ಬು ಗಂಟಿಕ್ಕಿ, ‘ಚರ್ಚಿನ ಸಾಲಿ? ತಡೀರಿ, ನಾನೂ ಬರ್ತೀನಿ’ ಎಂದು ಚಪ್ಪಲಿ ಮೆಟ್ಟಿದಳು.

ಶಾಲೆ ಎಷ್ಟು ಚಿಕ್ಕದೆಂದರೆ, ನಾವು ಅದನ್ನು ದಾಟಿ ಹೋಗಿ, ಕೇಳಿಕೊಂಡು ವಾಪಸ್ ಬಂದೆವು. ಒಂದನೇ ತರಗತಿ, ಎರಡನೇ ತರಗತಿ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಹಾಕಿ ಕೂತಿದ್ದವು. ಮುಖ್ಯೋಪಾಧ್ಯಾಯಿನಿ ಗ್ರೇಸಿ ಮಿಸ್ ವರಾಂಡದಲ್ಲಿ ಚಿಕ್ಕ ಮಕ್ಕಳನ್ನು ಸುತ್ತ ಕೂರಿಸಿಕೊಂಡು ಮಧ್ಯಾಹ್ನದ ಸಾರಿಗೆ ಅವರೆಕಾಯಿ ಸುಲಿಯುತ್ತಿದ್ದರು. ಅವ್ವ ನಮಸ್ಕಾರವನ್ನೂ ಪೂರ್ತಿ ಮಾಡದೆ ಕೇಳಿದಳು: ‘ಮಕ್ಕಳ್ನ ನಿಮ್ಮ ಧರ್ಮಕ್ಕ ಬದಲ್ ಮಾಡ್ತೀರೇನ್ರಿ?’

ನನಗೆ ಅಲ್ಲಿಂದ ಓಡಿಹೋಗೋಣ ಎನಿಸಿತು. ಗ್ರೇಸಿ ಮಿಸ್ ಮಾತ್ರ ನಕ್ಕರು. ‘ಅಮ್ಮಾ, ಒದ್ದೆ ಚಡ್ಡಿ ಬದಲಾಯ್ಸೋದ್ರಲ್ಲೇ ನನ್ ದಿನ ಮುಗ್ದೋಗುತ್ತೆ. ಬೆಳಿಗ್ಗೆ ಪ್ರಾರ್ಥನೆ ಮಾಡ್ತೀವಿ, ಅದನ್ನ ಮುಚ್ಚಿಡಲ್ಲ. ಕೂತ್ಕೊಳ್ಳಿ, ನೀವೂ ನಾಕು ಕಾಯಿ ಸುಲೀರಿ.’

ಕಾಯಿ ಕಂಡರೆ ಅವ್ವನ ಕೈ ಸುಮ್ಮನಿರುವುದಿಲ್ಲ. ಕೂತಳು. ಪಕ್ಕದಲ್ಲಿ ಗೌರಿಯೂ ಕೂತಳು. ಅವಳನ್ನು ಯಾರೂ ಏನೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಒಂದು ಕಾಯಿಯಿಂದ ದಪ್ಪ ಹಸಿರು ಹುಳ ತೆವಳಿಕೊಂಡು ಬಂತು. ತಮಿಳು ಹುಡುಗಿಯೊಬ್ಬಳು ‘ಪುಳು!’ ಎಂದು ಚೀರಿದಳು. ತೆಲುಗು ಹುಡುಗನೊಬ್ಬ ‘ಪುರುಗು!’ ಎಂದ. ಉರ್ದು ಮಾತಾಡುವ ಅವಳಿಗಳು ‘ಕೀಡಾ, ಕೀಡಾ!’ ಎನ್ನುತ್ತ ಕಂಬದ ಹಿಂದೆ ಓಡಿದರು. ಮಣಿಪುರದ ಪುಟ್ಟಿ ಕೂಗಿದ್ದೇನೋ ತಿಳಿಯಲಿಲ್ಲ, ಅದೂ ಹುಳವೇ ಇರಬೇಕು. ಆ ಗಲಾಟೆಯ ನಡುವೆ ನನ್ನ ಮಗಳು ಎದ್ದು ನಿಂತು, ಅಚ್ಚ ಗದಗಿನ ಭಾಷೆಯಲ್ಲಿ, ‘ಯಾರೂ ಹೆದರಬ್ಯಾಡ್ರಿ! ಅದು ಕಡಿಯಂಗಿಲ್ಲ!’ ಎಂದು ಘೋಷಿಸಿದಳು. ಆಮೇಲೆ ಹುಳದ ಬಗ್ಗೆ ಭಾಷಣವೇ ನಡೆಯಿತು. ಸುಮಾ ಆ ಕಡೆ ತಿರುಗಿ ಕಣ್ಣೊರೆಸಿಕೊಂಡಳು. ಅವ್ವ ಸೆರಗಿನ ಸಿಪ್ಪೆ ಕೊಡವಿಕೊಂಡು, ‘ಸಾಲಿ ಚಲೋ ಐತಿ’ ಎಂದು ತೀರ್ಪು ಕೊಟ್ಟಳು.

ಜೂನ್‌ನಲ್ಲಿ ಮೊದಲ ಪೋಷಕರ ಸಭೆ. ದೊಡ್ಡ ಶಾಲೆಯಾಗಿದ್ದರೆ ಹಿಂದಿನ ಸಾಲಿನಲ್ಲಿ ಅಡಗಿ ಕೂರಬಹುದಿತ್ತು. ಇಲ್ಲಿ ಹಿಂದಿನ ಸಾಲೇ ಇರಲಿಲ್ಲ. ‘ಗೌರಿ ಅಪ್ಪ, ನಿಮ್ ಬಗ್ಗೆ ಸ್ವಲ್ಪ ಹೇಳಿ’ ಎಂದರು ಗ್ರೇಸಿ ಮಿಸ್. ಎದ್ದು ನಿಂತೆ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನನ್ನ ಹೆಸರೇ ನಾಲಿಗೆಗೆ ಬರಲಿಲ್ಲ. ಗೌರಿ ಮೆಲ್ಲಗೆ ನನ್ನ ಕೈ ಹಿಡಿದು, ಎಲ್ಲರಿಗೂ ಕೇಳುವಂತೆ ಹೇಳಿದಳು:

‘ನಮ್ಮಪ್ಪ ಹೊಸಬ್ರು ಮಿಸ್. ಏನೂ ಕೇಳ್ಬೇಡಿ, ಅವ್ರೇ ಮಾತಾಡ್ತಾರೆ.’