ಕೆನ್ನೆಗೆ ಬೆಚ್ಚಗಿದ್ದ ಜಾಡಿ

ಎಲ್ಲದಕ್ಕೂ ಕಾರಣ ಅಕ್ಕನ ಹೇರ್ ಡ್ರೈಯರ್.

ವಿಶ್ವವಿದ್ಯಾಲಯದ ಲಲಿತಕಲಾ ಪದವಿಯ ಕರಕುಶಲ ವಿಭಾಗದಲ್ಲಿ ಒಂದು ಪದ್ಧತಿಯಿತ್ತು. ಮಣ್ಣಿನ ಪಾತ್ರೆ ಸುಡುವ ಭಟ್ಟಿಗೆ ಹೋಗುವ ಮುನ್ನ ಭಟ್ಟಿ ಮೇಸ್ತ್ರಿ ಅದನ್ನೆತ್ತಿ ಕೆನ್ನೆಗೆ ಒತ್ತಿಕೊಳ್ಳುತ್ತಿದ್ದರು. ತಣ್ಣಗಿದ್ದರೆ ಒಳಗಿನ್ನೂ ಹಸಿ ಎಂದರ್ಥ. ಹಸಿ ಪಾತ್ರೆ ಬೆಂಕಿಯಲ್ಲಿ ಸಿಡಿಯುತ್ತದೆ. ತಾನು ಹಾಳಾಗುವುದಲ್ಲದೆ ಪಕ್ಕದ್ದನ್ನೂ ಹಾಳುಮಾಡುತ್ತದೆ. ಸ್ವಂತ ಮಕ್ಕಳನ್ನೂ ಮೇಸ್ತ್ರಿ ಅಷ್ಟು ಸಲ ಕೆನ್ನೆಗೆ ಒತ್ತಿಕೊಂಡಿರಲಾರರು.

ನಮ್ಮ ಕಥಾನಾಯಕನನ್ನು ಎಲ್ಲರೂ ಹಳಬ ಎನ್ನುತ್ತಿದ್ದರು. ಕೊನೆಯ ವರ್ಷದಲ್ಲಿ ಅವನದು ಮೂರನೆಯ ಸಲ. ಮೊದಲ ಸಲ ಜಾಡಿ ಚಕ್ರದ ಮೇಲೆಯೇ ಕುಸಿದಿತ್ತು. ಎರಡನೆಯ ಸಲ ಪರೀಕ್ಷಕರ ಮೇಜಿಗೆ ಒಯ್ಯುವಾಗ ಕೈಜಾರಿ ಬಿದ್ದಿತ್ತು. ನಿಯಮದ ಪ್ರಕಾರ ನಾಲ್ಕನೆಯ ಸಲ ಇಲ್ಲ. ಕೈಗಡಿಯಾರ ರಿಪೇರಿ ಮಾಡುವ ಅಪ್ಪ, ಮಗ ಪದವಿ ಪಡೆಯುವ ದಿನ ತಾವು ಹಾಕಿಕೊಳ್ಳಲೆಂದು ಒಂದು ಕೋಟು ಹೊಲಿಸಿಟ್ಟಿದ್ದರು. ಆಗಾಗ ಅದನ್ನು ಬಿಸಿಲಿಗೆ ಹಾಕಿ, ಕೊಡವಿ, ಮತ್ತೆ ಬೀರುವಿನಲ್ಲಿಡುತ್ತಿದ್ದರು. ಅಪ್ಪ ಬೈದಿದ್ದರೆ ಹಳಬ ಹೇಗೋ ತಡೆದುಕೊಳ್ಳುತ್ತಿದ್ದ. ಆ ಕೋಟು ಕೊಡವುವ ಸದ್ದು ಕೇಳಿದರೆ ಮಾತ್ರ ಎದ್ದು ಮನೆಯಿಂದ ಹೊರಗೆ ಹೋಗಿಬಿಡುತ್ತಿದ್ದ.

ಈ ಸಲದ ಜಾಡಿ ಚೆನ್ನಾಗಿಯೇ ಬಂದಿತ್ತು. ಆದರೆ ಭಟ್ಟಿ ತುಂಬುವ ದಿನವೂ ಕೆನ್ನೆಗೆ ತಣ್ಣಗಿತ್ತು. ಹಳಬ ಬಾಗಿಲ ಮರೆಯಲ್ಲಿ ನಿಂತು, ಒಂದು ಕೈಯಲ್ಲಿ ಜಾಡಿಯ ಬುಡ ಹಿಡಿದು, ಅಕ್ಕನ ಹೇರ್ ಡ್ರೈಯರ್‌ನಿಂದ ಬಿಸಿಗಾಳಿ ಊದಿದ. ಮೇಸ್ತ್ರಿ ಕೆನ್ನೆಗಿಟ್ಟು ನೋಡಿ, "ಒಣಗಿದೆ, ಕೊಡು" ಎಂದರು.

ಭಟ್ಟಿಯೊಳಗೆ ಮೇಲಿನ ಅಂತಸ್ತಿನಲ್ಲಿ ಇದ್ದವು ಎರಡೇ ಜಾಡಿ, ಅವನದು ಮತ್ತು ಅತ್ತಿಗೆಯದು. ಒಂದೇ ಅಳತೆ, ಒಂದೇ ಆಕಾರ. ಇಬ್ಬರಿಗೂ ಪರೀಕ್ಷೆಗೆ ಕೊಟ್ಟಿದ್ದೇ ಅದು; ಉಳಿದವರಿಗೆ ಬಟ್ಟಲು. ಯಾರದೆಂದು ಪರೀಕ್ಷಕರಿಗೆ ತಿಳಿಯಬಾರದೆಂದು ಹೆಸರು ಗೀಚುವಂತಿರಲಿಲ್ಲ. ಅತ್ತಿಗೆ ಅಲ್ಲಿ ಯಾರ ಅತ್ತಿಗೆಯೂ ಅಲ್ಲ. ಮಕ್ಕಳು ದೊಡ್ಡವರಾದ ಮೇಲೆ ಕಾಲೇಜಿಗೆ ಸೇರಿದ ಸಹಪಾಠಿ. ಇಡೀ ತರಗತಿಯ ಕ್ಷೇಮ ತಮ್ಮ ತಲೆಯ ಮೇಲೇ ಇದೆ ಎಂದು ನಂಬಿದವರು.

ಪರೀಕ್ಷೆಯ ದಿನ ಬೆಳಿಗ್ಗೆ ಮೇಸ್ತ್ರಿ ಗೇಟಿನಲ್ಲೇ ಸುದ್ದಿ ಕೊಟ್ಟರು. "ಮೊನ್ನೆ ಉರಿ ಏರ್ತಿದ್ದಾಗ ಮೇಲಿನ ಅಂತಸ್ತಲ್ಲಿ ಡಬ್ ಅಂತು ಕಣಪ್ಪ. ಎರಡ್ರಲ್ಲಿ ಒಂದು ಹೋಗಿದೆ. ಮಧ್ಯಾಹ್ನ ಬಾಗಿಲು ತೆಗೀತೀನಿ."

ಹೋಗಿದ್ದು ತನ್ನದೇ ಎಂದು ಹಳಬನಿಗೆ ಖಾತ್ರಿಯಾಯಿತು. ಅವನು ನೇರ ಅತ್ತಿಗೆಯ ಬಳಿ ಹೋಗಿ ಎಲ್ಲ ಹೇಳಿಬಿಟ್ಟ.

"ಅಯ್ಯೋ, ಪಕ್ಕದಲ್ಲೇ ನನ್ನ ಜಾಡಿ ಇದೆಯಲ್ಲೋ!" ಅತ್ತಿಗೆ ಎದೆಯ ಮೇಲೆ ಕೈಯಿಟ್ಟುಕೊಂಡರು. "ತಳ ಬಿರುಕು ಬಿಟ್ಟಿತ್ತು ಅಂತ, ಅವತ್ತು ಬೆಳಿಗ್ಗೆ ಬೇಗ ಎದ್ದು ಹಸಿ ಮಣ್ಣು ಮೆತ್ತಿ ಎಷ್ಟು ನೀಟಾಗಿ ತಿದ್ದಿ ತಂದಿದ್ದೆ ಗೊತ್ತಾ?"

ಭಯದಲ್ಲಿ ಹಳಬನಿಗೆ 'ಪಕ್ಕದಲ್ಲೇ' ಎಂಬುದರಾಚೆ ಏನೂ ಕೇಳಿಸಲಿಲ್ಲ.

"ಈಗ್ಲೇ ಹೋಗಿ ಮೇಡಂ ಹತ್ರ ಒಪ್ಕೊಂಡ್ಬಿಡು," ಎಂದರು ಅತ್ತಿಗೆ. "ಅವರೇ ಕಂಡುಹಿಡಿದ್ರೆ ಮಾನ ಹೋಗುತ್ತೆ. ನೀನಾಗೇ ಹೇಳಿದ್ರೆ ಕರುಣೆನಾದ್ರೂ ಬರುತ್ತೆ."

ಸಲಹೆ ಒಳ್ಳೆಯದೇ. ಆದರೆ ಅವನಿಗಿಂತ ಮೊದಲು ಅತ್ತಿಗೆಯೇ ಹೊರಟರು, ದಾರಿಯುದ್ದಕ್ಕೂ ಸಿಕ್ಕಿದವರಿಗೆಲ್ಲ ಹೇಳುತ್ತ. ನೇಯ್ಗೆ ಕೋಣೆಯಲ್ಲಿ ಮಗ್ಗಗಳು ನಿಂತವು. "ನಮ್ಮ ನೂಲಿಗೇನೂ ಬೆಂಕಿ ಬೀಳಲ್ಲ ತಾನೇ?" ಎಂದು ಒಬ್ಬಳು ಕೇಳಿದಳು. ಲೋಹದ ಕೆಲಸದವರು ಸುತ್ತಿಗೆ ಕೆಳಗಿಟ್ಟು ಸಾವಿನ ಮನೆಗೆ ಬಂದವರಂತೆ ಸಾಲಾಗಿ ನಿಂತರು. ಮರಗೆಲಸದವನೊಬ್ಬ ಹತ್ತಿರ ಬಂದು ಪಿಸುಗುಟ್ಟಿದ: "ಆ ಹೇರ್ ಡ್ರೈಯರ್ ತಂದಿದ್ದೀಯಾ? ನನ್ನ ವಾರ್ನಿಷ್ ಇನ್ನೂ ಅಂಟ್ತಾ ಇದೆ."

ವಿಭಾಗದ ಮುಖ್ಯಸ್ಥೆ ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನಗೊಬ್ಬಳಿಗೆ ಹೇಳಿದ್ರೆ ಆಗಲ್ಲ. ಕೆಳಗಿನ ಅಂತಸ್ತಲ್ಲಿ ಎಲ್ಲರ ಬಟ್ಟಲುಗಳಿವೆ. ಎಲ್ಲರ ಮುಂದೆ ಹೇಳು."

ಹಳಬ ಮಣ್ಣಿನ ಡ್ರಮ್ಮಿನ ಮೇಲೆ ಹತ್ತಿ ನಿಂತ. "ಸಿಡಿದಿರೋದು ನನ್ನ ಜಾಡಿ. ಹಸಿ ಅಂತ ಗೊತ್ತಿದ್ದೂ ಇಟ್ಟೆ. ತಪ್ಪಾಯ್ತು," ಎಂದ. ಕೆಲವರು ಬೈದರು, ಕೆಲವರು ತಲೆ ತಗ್ಗಿಸಿದರು, ಅತ್ತಿಗೆ ಗಳಗಳ ಅತ್ತರು. ಹಳಬನಿಗೆ ಮಾತ್ರ ವಿಚಿತ್ರವಾದ ನೆಮ್ಮದಿಯಾಯಿತು. ಮೂರು ವರ್ಷದಲ್ಲಿ ತಾನು ಸರಿಯಾಗಿ ಮಾಡಿದ ಕೆಲಸ ಇದೊಂದೇ ಎನ್ನಿಸಿತು.

ಮಧ್ಯಾಹ್ನ ಹೊರಗಿನ ಪರೀಕ್ಷಕರು ಬಂದರು. ಮೇಸ್ತ್ರಿ ಭಟ್ಟಿಯ ಬಾಗಿಲು ತೆರೆದರು. ಕೆಳಗಿನ ಬಟ್ಟಲುಗಳು ಕ್ಷೇಮ. ಮೇಲೆ ಒಂದು ರಾಶಿ ಚೂರು. ಅದರ ಪಕ್ಕ ಕೆಂಪಗೆ, ಇಡಿಯಾಗಿ, ಒಂದು ಜಾಡಿ.

"ಉಳೀತು! ನಂದು ಉಳೀತು!" ಅತ್ತಿಗೆ ಅದನ್ನು ಬಾಚಿ ಎತ್ತಿ ಕೆನ್ನೆಗೊತ್ತಿಕೊಂಡರು.

ಹಳಬ ಹಿಂದಿನಿಂದ ಇಣುಕಿದ. ಜಾಡಿಯ ಬುಡದಲ್ಲಿ ಒಂದು ಸಣ್ಣ ಗುಳಿಯಿತ್ತು. ಚಕ್ರದಿಂದ ಎತ್ತುವಾಗ ಒತ್ತಿಹೋದ ಅವನದೇ ಎಡಗೈ ಹೆಬ್ಬೆರಳಿನದು. ಅತ್ತಿಗೆ ಬೆಳಿಗ್ಗೆ ಆಡಿದ್ದ 'ಹಸಿ ಮಣ್ಣು ಮೆತ್ತಿ' ಎಂಬ ಮಾತು ಆಗ ಅವನ ಕಿವಿಗೆ ಬಂದು ಮುಟ್ಟಿತು.

"ಮೇಡಂ... ಅದು ನಂದು."

ಎಲ್ಲರೂ ತಿರುಗಿದರು. "ಬೆಳಿಗ್ಗೆ ಡ್ರಮ್ ಹತ್ತಿ ಹೇಳಿದ್ದು ಯಾರಪ್ಪ?" ಎಂದರು ಮೇಡಂ.

"ನಾನೇ. ಆದ್ರೆ ಬುಡದಲ್ಲಿ ಗುಳಿ ಇದೆ ನೋಡಿ, ನನ್ನ ಹೆಬ್ಬೆರಳಿಂದು. ಅತ್ತಿಗೆ ಜಾಡಿ ತಳಕ್ಕೆ ಹಸಿ ಮಣ್ಣು..."

"ಥೂ, ಈಗ ಅವರ ಮೇಲೆ ಹಾಕ್ತಿದ್ದಾನೆ!" ಎಂದಿತು ಹಿಂದಿನಿಂದ ಒಂದು ದನಿ.

ಅತ್ತಿಗೆ ಜಾಡಿ ತಿರುಗಿಸಿ ಗುಳಿಗೆ ತಮ್ಮ ಹೆಬ್ಬೆರಳಿಟ್ಟರು. "ಸರಿಯಾಗೇ ಕೂರುತ್ತಲ್ಲೋ." ಮೇಸ್ತ್ರಿ ಇಟ್ಟರು, ಅವರದೂ ಕೂತಿತು. ಕೊನೆಗೆ ಪರೀಕ್ಷಕರು ಗಂಭೀರವಾಗಿ ತಮ್ಮ ಹೆಬ್ಬೆರಳನ್ನೂ ಇಟ್ಟು ನೋಡಿ ತಲೆಯಾಡಿಸಿದರು. ಆ ಗುಳಿ ಯಾರನ್ನೂ ಬೇಡವೆನ್ನಲಿಲ್ಲ.

ಅತ್ತಿಗೆಗೆ ಕೋಪವೇ ಬರಲಿಲ್ಲ. ಅವನ ಭುಜದ ಮೇಲೆ ಕೈಯಿಟ್ಟು ಹೇಳಿದರು: "ಸಂಕಟದಲ್ಲಿ ಯಾರಾದ್ರೂ ಹೀಗೇ ಏನೇನೋ ಅಂತಾರೆ, ಬಿಡು. ನೀನು ಮೊದ್ಲೇ ಒಪ್ಕೊಂಡಿದ್ದು ಎಷ್ಟು ಒಳ್ಳೇದಾಯ್ತು ನೋಡು. ಇಲ್ಲಾಂದ್ರೆ ಇದು ಯಾರ್ದು ಅಂತ ನಂಗೇ ಅನುಮಾನ ಬಂದಿರೋದು."

ಅವರ ಕಣ್ಣಲ್ಲಿ ಒಂದಿಷ್ಟೂ ಕಪಟವಿರಲಿಲ್ಲ. ಇದ್ದಿದ್ದರೆ ಹಳಬ ಜಗಳವಾದರೂ ಆಡುತ್ತಿದ್ದ.

"ನನ್ನ ಕೈ ನಡುಗ್ತಿದೆ ಕಣೋ. ನೀನೇ ಮೇಜಿನ ಮೇಲೆ ಇಟ್ಬಿಡು."

ಹಳಬ ಜಾಡಿ ತೆಗೆದುಕೊಂಡ. ಎಡಗೈ ಹೆಬ್ಬೆರಳು ತಾನಾಗಿಯೇ ಗುಳಿಯಲ್ಲಿ ಹೋಗಿ ಕೂತಿತು. ಬೀರುವಿನಲ್ಲಿದ್ದ ಅಪ್ಪನ ಕೋಟು ನೆನಪಾಗಿ ಕಣ್ಣು ಮಂಜಾಯಿತು. ಹೋದ ವರ್ಷದ್ದನ್ನು ಮರೆಯದ ಇಡೀ ತರಗತಿ ಒಂದೇ ದನಿಯಲ್ಲಿ ಕೂಗಿತು: "ಹುಷಾರು, ಬೀಳಿಸ್ಬೇಡ!"

ಅವನು ಬೀಳಿಸಲಿಲ್ಲ. ಮೂರು ವರ್ಷದಲ್ಲಿ ಮೊದಲ ಸಲ, ಹಳಬ ಮಾಡಿದ ಜಾಡಿಯೊಂದು ಪರೀಕ್ಷಕರ ಮೇಜು ಮುಟ್ಟಿತು.